ವಿದ್ಯಾರ್ಥಿಗಳಿಗೆ ಒಲಿಂಪಿಕ್ ವೇಟ್‌ಲಿಫ್ಟಿಂಗ್: ಕಡಿಮೆ ಸಮಯದ ತರಬೇತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿ, ಪ್ರಯೋಗಾಲಯ, ಪರೀಕ್ಷೆಗಳ ನಡುವೆ ವಾರಕ್ಕೆ ಮೂರು ನಾಲ್ಕು ಗಂಟೆಗಳನ್ನಷ್ಟೇ ಬಿಡುವು ಮಾಡಿಕೊಳ್ಳಬಲ್ಲ, ಆದರೂ ಒಲಿಂಪಿಕ್ ವೇಟ್‌ಲಿಫ್ಟಿಂಗನ್ನು ಸರಿಯಾಗಿ ಕಲಿಯಬೇಕೆಂಬ ಹಂಬಲವಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಎಲ್ಲ ಉತ್ತರಗಳ ಹಿಂದಿರುವ ನಿಲುವು ಒಂದೇ: ಸಮಯ ಕಡಿಮೆಯಾದಾಗ ಕೈಬಿಡಬೇಕಾದದ್ದು ಪೂರಕ ವ್ಯಾಯಾಮಗಳನ್ನೇ ಹೊರತು ಈ ಕ್ರೀಡೆಯ ಎರಡು ಲಿಫ್ಟ್‌ಗಳಾದ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಅಭ್ಯಾಸವನ್ನಲ್ಲ.

ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಅಭ್ಯಾಸ ಮಾಡಿದರೆ ನಿಜವಾಗಿಯೂ ಪ್ರಗತಿ ಕಾಣುತ್ತದೆಯೇ?

ಕಾಣುತ್ತದೆ. ಹೊಸದಾಗಿ ಕಲಿಯುವವರು ಎತ್ತುವ ತೂಕ ಆರಂಭದಲ್ಲಿ ಬೇಗ ಬೇಗ ಏರುವುದು ಸ್ನಾಯು ದಪ್ಪವಾಗುವುದರಿಂದಲ್ಲ. ನರಮಂಡಲವು ಚಲನೆಯನ್ನು ಕಲಿತುಕೊಂಡು, ಇರುವ ಬಲವನ್ನೇ ಸರಿಯಾದ ಕ್ಷಣದಲ್ಲಿ ಬಳಸತೊಡಗುವುದೇ ಅದಕ್ಕೆ ಮುಖ್ಯ ಕಾರಣ. ಇಂಥ ಕಲಿಕೆಗೆ ಒಂದೇ ದಿನ ಮೂರು ಗಂಟೆ ಬೆವರು ಹರಿಸುವುದಕ್ಕಿಂತ ಮೂರು ಬೇರೆ ಬೇರೆ ದಿನ ಒಂದೊಂದು ಗಂಟೆ ಅಭ್ಯಾಸ ಮಾಡುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ದಣಿದ ದೇಹ ತಪ್ಪು ಚಲನೆಯನ್ನೇ ರೂಢಿ ಮಾಡಿಕೊಳ್ಳುತ್ತದೆ. ಅಂತಾರಾಷ್ಟ್ರೀಯ ಮಟ್ಟದ ಲಿಫ್ಟರ್‌ಗಳು ದಿನಕ್ಕೆ ಎರಡು ಬಾರಿ ಅಭ್ಯಾಸ ಮಾಡುವುದು ನಿಜ, ಆದರೆ ಅವರಿಗೆ ಅದೇ ವೃತ್ತಿ. ಅವರ ಕಾರ್ಯಕ್ರಮವನ್ನು ಅರ್ಧಕ್ಕೆ ಕತ್ತರಿಸಿ ಬಳಸಿದರೆ ಅದು ವಿದ್ಯಾರ್ಥಿಗೆ ಒಗ್ಗುವ ಕಾರ್ಯಕ್ರಮವಾಗುವುದಿಲ್ಲ, ಅರ್ಧ ಕಾರ್ಯಕ್ರಮವಾಗುತ್ತದೆ ಅಷ್ಟೆ.

ಈ ಕ್ರೀಡೆಯಲ್ಲಿ ಎರಡೇ ಲಿಫ್ಟ್‌ಗಳೇ?

ಹೌದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ವರೆಗೆ ಬಾರನ್ನು ಭುಜದಿಂದ ತೋಳುಗಳ ಬಲದಿಂದಲೇ ಮೇಲಕ್ಕೆ ತಳ್ಳುವ ಪ್ರೆಸ್ ಎಂಬ ಮೂರನೆಯ ಲಿಫ್ಟ್ ಕೂಡ ಇತ್ತು. ಬೆನ್ನನ್ನು ಹಿಂದಕ್ಕೆ ಬಾಗಿಸಿ ಎತ್ತುವ ಚಾಳಿ ಬೆಳೆದು, ಯಾವುದು ಸರಿ ಯಾವುದು ತಪ್ಪು ಎಂದು ತೀರ್ಪುಗಾರರಿಗೆ ನಿರ್ಣಯಿಸುವುದೇ ಕಷ್ಟವಾದ್ದರಿಂದ ಅದನ್ನು ಕೈಬಿಡಲಾಯಿತು. ಈಗ ಉಳಿದಿರುವುದು ಬಾರನ್ನು ನೆಲದಿಂದ ಒಂದೇ ಓಟದಲ್ಲಿ ತಲೆಯ ಮೇಲಕ್ಕೆ ಒಯ್ಯುವ ಸ್ನ್ಯಾಚ್ ಮತ್ತು ಮೊದಲು ಭುಜಕ್ಕೆ (ಕ್ಲೀನ್), ಅಲ್ಲಿಂದ ತಲೆಯ ಮೇಲಕ್ಕೆ (ಜರ್ಕ್) ಎತ್ತುವ ಕ್ಲೀನ್ ಅಂಡ್ ಜರ್ಕ್. ಸಮಯವಿಲ್ಲದವರಿಗೆ ಇದು ಅನುಕೂಲವೇ. ಕಲಿಯಬೇಕಾದದ್ದು ಎರಡೇ ಆದ್ದರಿಂದ ಗಮನ ಚದುರುವುದಿಲ್ಲ.

ಏನೂ ಗೊತ್ತಿಲ್ಲದವರು ಎಲ್ಲಿಂದ ಆರಂಭಿಸಬೇಕು?

ಮೇಲಿನಿಂದ ಕೆಳಕ್ಕೆ ಕಲಿಯುವುದು ಒಳ್ಳೆಯದು. ಅಂದರೆ ಬಾರ್ ತೊಡೆಯ ಮೇಲ್ಭಾಗದಲ್ಲಿರುವಾಗ ಅಲ್ಲಿಂದಲೇ ಎತ್ತುವುದನ್ನು ಮೊದಲು ಕಲಿತು, ಆಮೇಲೆ ಮಂಡಿಯ ಮಟ್ಟದಿಂದ, ಕೊನೆಯಲ್ಲಿ ನೆಲದಿಂದ ಎತ್ತುವುದಕ್ಕೆ ಬರಬೇಕು. ಲಿಫ್ಟಿನ ಜೀವಾಳ ಇರುವುದು ತೊಡೆಯ ಬಳಿ ನಡೆಯುವ ಸ್ಫೋಟಕ ಚಲನೆಯಲ್ಲಿ. ನೆಲದಿಂದ ಅಲ್ಲಿಯವರೆಗಿನ ಎಳೆತವೆಲ್ಲ ಆ ಸ್ಥಾನವನ್ನು ಸರಿಯಾಗಿ ತಲುಪುವ ಸಿದ್ಧತೆ. ಇದರ ಜೊತೆಗೆ ಬಾರನ್ನು ತಲೆಯ ಮೇಲೆ ಹಿಡಿದು ಕೂತೇಳುವ ಓವರ್‌ಹೆಡ್ ಸ್ಕ್ವಾಟ್ ಮತ್ತು ಭುಜದ ಮುಂಭಾಗದಲ್ಲಿಟ್ಟು ಕೂತೇಳುವ ಫ್ರಂಟ್ ಸ್ಕ್ವಾಟ್‌ಗಳನ್ನು ಖಾಲಿ ಬಾರ್ ಅಥವಾ ಮರದ ಕೋಲಿನಿಂದ ಅಭ್ಯಾಸ ಮಾಡಬೇಕು, ಏಕೆಂದರೆ ಬಾರನ್ನು ಹಿಡಿದು ಕುಳಿತುಕೊಳ್ಳಲು ಬಾರದವರಿಗೆ ಅದರ ಕೆಳಗೆ ನುಗ್ಗಲು ಧೈರ್ಯ ಬರುವುದಿಲ್ಲ. ಮೊದಲ ಆರರಿಂದ ಎಂಟು ವಾರ ತೂಕದ ಲೆಕ್ಕವನ್ನೇ ಮರೆತರೆ ನಷ್ಟವೇನಿಲ್ಲ.

ಹುಕ್ ಗ್ರಿಪ್ ಅನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಹೆಬ್ಬೆರಳನ್ನು ಬಾರ್‌ಗೆ ಸುತ್ತಿ, ಅದರ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಬಿಗಿಯಾಗಿ ಹಾಕುವ ಈ ಹಿಡಿತ ಕೆಲವು ವಾರ ನೋಯುತ್ತದೆ, ಆಮೇಲೆ ಅದಿಲ್ಲದೆ ಎತ್ತುವುದೇ ಅಸಾಧ್ಯವೆನಿಸುತ್ತದೆ.

ಮೂರು ದಿನದ ವಾರವನ್ನು ಹೇಗೆ ಜೋಡಿಸಬೇಕು?

ಎರಡೂ ಲಿಫ್ಟ್‌ಗಳು ಪ್ರತಿ ಅವಧಿಯಲ್ಲೂ ಯಾವುದಾದರೂ ರೂಪದಲ್ಲಿ ಬರುವಂತೆ ನೋಡಿಕೊಳ್ಳುವುದು ಮುಖ್ಯ. ಸೋಮವಾರ ಸ್ನ್ಯಾಚ್ ದಿನ, ಬುಧವಾರ ಕ್ಲೀನ್ ದಿನ ಎಂದು ಪೂರ್ತಿ ಬೇರ್ಪಡಿಸಿದರೆ, ಒಂದು ಕಿರುಪರೀಕ್ಷೆಯಿಂದಾಗಿ ಒಂದು ದಿನ ತಪ್ಪಿದರೂ ಆ ಲಿಫ್ಟನ್ನು ಹದಿನಾಲ್ಕು ದಿನ ಮುಟ್ಟದಂತಾಗುತ್ತದೆ.

ಮೊದಲ ದಿನ ಸ್ನ್ಯಾಚ್‌ಗೆ ಆದ್ಯತೆ ಕೊಟ್ಟು, ನಂತರ ಪೂರ್ತಿ ಕೂರದೆ ಹಿಡಿಯುವ ಪವರ್ ಕ್ಲೀನ್ ಮತ್ತು ಜರ್ಕ್ ಅನ್ನು ಹಗುರವಾಗಿ ಮೂರು ನಾಲ್ಕು ಸೆಟ್ (ವಿಶ್ರಾಂತಿಗೆ ಮುನ್ನ ಮಾಡುವ ಎತ್ತುವಿಕೆಗಳ ಗುಂಪು) ಮಾಡಿ, ಬಾರನ್ನು ಬೆನ್ನಿನ ಮೇಲ್ಭಾಗದಲ್ಲಿಟ್ಟು ಕೂತೇಳುವ ಬ್ಯಾಕ್ ಸ್ಕ್ವಾಟ್‌ನೊಂದಿಗೆ ಮುಗಿಸಬಹುದು. ಎರಡನೆಯ ದಿನ ಅದು ತಿರುವುಮುರುವಾಗುತ್ತದೆ: ಪವರ್ ಸ್ನ್ಯಾಚ್ ಮೈ ಎಚ್ಚರಿಸುವ ಕೆಲಸ ಮಾಡುತ್ತದೆ, ಕ್ಲೀನ್ ಅಂಡ್ ಜರ್ಕ್ ದಿನದ ಮುಖ್ಯ ಕೆಲಸವಾಗುತ್ತದೆ, ಕೊನೆಗೆ ಬಾರನ್ನು ಭುಜಕ್ಕೆ ಒಯ್ಯದೆ ಎಳೆದಷ್ಟೇ ಬಿಡುವ ಕ್ಲೀನ್ ಪುಲ್ ಬರುತ್ತದೆ. ಮೂರನೆಯ ದಿನವನ್ನು ಸ್ಪರ್ಧೆಯಂತೆ ನಡೆಸಬೇಕು. ಸ್ನ್ಯಾಚ್‌ನಲ್ಲಿ ಒಂದೊಂದೇ ರೆಪ್ (ಒಂದು ಬಾರಿ ಎತ್ತುವುದು) ಮಾಡುತ್ತ ಆ ದಿನಕ್ಕೆ ಭಾರವೆನಿಸುವ, ಆದರೆ ತಪ್ಪದ ತೂಕದವರೆಗೆ ಏರಿ, ಹಾಗೆಯೇ ಕ್ಲೀನ್ ಅಂಡ್ ಜರ್ಕ್ ಮಾಡಿ, ಸಮಯ ಉಳಿದರೆ ಫ್ರಂಟ್ ಸ್ಕ್ವಾಟ್ ಸೇರಿಸಬೇಕು. ಬೈಸೆಪ್ಸ್, ಹೊಟ್ಟೆ, ಭುಜದ ಬಿಡಿ ವ್ಯಾಯಾಮಗಳಿಗೆ ಇಲ್ಲಿ ಜಾಗವಿಲ್ಲವಲ್ಲ ಎಂದು ಹಲವರು ಕೊರಗುತ್ತಾರೆ. ವಾರಕ್ಕೆ ಮೂರೇ ಗಂಟೆ ಇರುವವರಿಗೆ ಆ ಕೊರಗು ಬೇಡ.

ಒಂದು ಗಂಟೆಯೊಳಗೆ ಇಷ್ಟೆಲ್ಲ ಹಿಡಿಸುವುದು ಹೇಗೆ?

ಹೆಚ್ಚಿನ ಸಮಯ ಪೋಲಾಗುವುದು ಎರಡು ಕಡೆ: ಅಳತೆಯಿಲ್ಲದ ವಾರ್ಮ್ ಅಪ್ ಮತ್ತು ಸೆಟ್‌ಗಳ ನಡುವೆ ಕೈಗೆ ಬರುವ ಮೊಬೈಲ್. ಮೊದಲ ಐದು ನಿಮಿಷ ಕಣಕಾಲು, ಸೊಂಟ, ಬೆನ್ನಿನ ಮೇಲ್ಭಾಗ, ಭುಜಗಳನ್ನು ಸಡಿಲಿಸಲು ಸಾಕು. ಮುಂದಿನ ಐದು ನಿಮಿಷ ಖಾಲಿ ಬಾರ್ ಹಿಡಿದು, ಅಂದು ಮಾಡಲಿರುವ ಲಿಫ್ಟನ್ನೇ ತುಂಡು ತುಂಡಾಗಿ ಮಾಡಬೇಕು. ಆನಂತರ ಮುಖ್ಯ ಲಿಫ್ಟ್‌ಗೆ ಇಪ್ಪತ್ತು ನಿಮಿಷ, ಎರಡನೆಯದಕ್ಕೆ ಹತ್ತು ನಿಮಿಷ, ಸ್ಕ್ವಾಟ್ ಅಥವಾ ಪುಲ್‌ಗೆ ಹದಿನೈದು ನಿಮಿಷ ಎಂದು ಹಂಚಿಕೊಂಡರೆ ಪ್ಲೇಟ್‌ಗಳನ್ನು ತೆಗೆದಿಡಲು ಐದು ನಿಮಿಷ ಉಳಿಯುತ್ತದೆ.

ಇಪ್ಪತ್ತು ನಿಮಿಷದ ಮುಖ್ಯ ಭಾಗವನ್ನು ಗಡಿಯಾರ ನೋಡಿಕೊಂಡೇ ನಡೆಸಬೇಕು. ಉದಾಹರಣೆಗೆ, ಒಬ್ಬರ ಅತ್ಯುತ್ತಮ ಸ್ನ್ಯಾಚ್ 50 ಕಿಲೋ ಎಂದಿಟ್ಟುಕೊಳ್ಳಿ. 25, 30, 35 ಕಿಲೋಗಳಲ್ಲಿ ಎರಡೆರಡು ರೆಪ್ ಮಾಡಿ ಏರಲು ಆರೇಳು ನಿಮಿಷ ಹಿಡಿಯುತ್ತದೆ. ಆಮೇಲೆ 40 ಕಿಲೋ ಹಾಕಿ, ಪ್ರತಿ ಒಂದೂವರೆ ನಿಮಿಷಕ್ಕೆ ಎರಡು ರೆಪ್‌ನಂತೆ ಎಂಟು ಸೆಟ್ ಮಾಡಿದರೆ ಹನ್ನೆರಡು ನಿಮಿಷದಲ್ಲಿ ಹದಿನಾರು ಒಳ್ಳೆಯ ಲಿಫ್ಟ್‌ಗಳು ಮುಗಿದಿರುತ್ತವೆ. ಎರಡು ರೆಪ್‌ಗಳ ನಡುವೆ ಬಾರನ್ನು ಕೆಳಗಿಟ್ಟು, ಕೈ ಬಿಟ್ಟು, ಮತ್ತೆ ಹಿಡಿದು ಸಿದ್ಧರಾಗಿ. ಹೀಗೆ ಮಾಡಿದರೆ ಪ್ರತಿಯೊಂದು ಲಿಫ್ಟೂ ಮೊದಲನೆಯದರಂತೆಯೇ ಆರಂಭವಾಗುತ್ತದೆ. ಈ ಕ್ರಮ ಸಾಧಾರಣ ಭಾರಕ್ಕೆ ಹೊಂದುತ್ತದೆ. ಗರಿಷ್ಠ ತೂಕದ 90 ಶೇಕಡಕ್ಕಿಂತ ಮೇಲೆ ಹೋದಾಗ ಎರಡು ಮೂರು ನಿಮಿಷದ ವಿಶ್ರಾಂತಿ ಬೇಕೇ ಬೇಕು.

ಎಷ್ಟು ತೂಕ, ಎಷ್ಟು ರೆಪ್ ಎಂದು ನಿರ್ಧರಿಸುವುದು ಹೇಗೆ?

ಸೋವಿಯತ್ ತರಬೇತುದಾರ ಎ. ಎಸ್. ಪ್ರಿಲೆಪಿನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಕೋಷ್ಟಕ ಇಂದಿಗೂ ಒಳ್ಳೆಯ ದಾರಿತೋರುಕ. ಅದರ ಪ್ರಕಾರ ಗರಿಷ್ಠ ತೂಕದ 70ರಿಂದ 80 ಶೇಕಡದಲ್ಲಿ ಒಂದು ಅವಧಿಗೆ 12ರಿಂದ 24 ಲಿಫ್ಟ್‌ಗಳು, ಸೆಟ್‌ಗೆ ಮೂರರಿಂದ ಆರು. 80ರಿಂದ 90 ಶೇಕಡದಲ್ಲಿ 10ರಿಂದ 20 ಲಿಫ್ಟ್‌ಗಳು, ಸೆಟ್‌ಗೆ ಎರಡರಿಂದ ನಾಲ್ಕು. 90 ಶೇಕಡಕ್ಕಿಂತ ಮೇಲೆ 4ರಿಂದ 10 ಲಿಫ್ಟ್‌ಗಳು, ಸೆಟ್‌ಗೆ ಒಂದು ಅಥವಾ ಎರಡು. ಅದು ಅನುಭವಿ ಲಿಫ್ಟರ್‌ಗಳನ್ನು ಆಧರಿಸಿ ರೂಪುಗೊಂಡದ್ದು. ಆದ್ದರಿಂದ ಸಮಯವೂ ನಿದ್ರೆಯೂ ಕಡಿಮೆ ಇರುವ ವಿದ್ಯಾರ್ಥಿ ಆಯಾ ಮಿತಿಯ ಕೆಳತುದಿಯಲ್ಲೇ ಉಳಿಯುವುದು ಜಾಣತನ. ಸ್ನ್ಯಾಚ್‌ನಲ್ಲಿ ಸೆಟ್‌ಗೆ ಮೂರಕ್ಕಿಂತ ಹೆಚ್ಚು ರೆಪ್ ಮಾಡುವ ಅಗತ್ಯ ಬಹಳ ಕಡಿಮೆ.

ಶೇಕಡಾವಾರು ಲೆಕ್ಕಕ್ಕೆ ಒಂದು ಮಿತಿಯಿದೆ. ನಿನ್ನೆಯ ರಾತ್ರಿ ನಾಲ್ಕೇ ಗಂಟೆ ಮಲಗಿದ್ದೀರಿ ಎಂಬುದು ಕಾಗದಕ್ಕೆ ಗೊತ್ತಿರುವುದಿಲ್ಲ. 80 ಶೇಕಡ ಎಂದು ಬರೆದಿದ್ದ ತೂಕ ಅಂದು ನಿಧಾನವಾಗಿ ಏಳುತ್ತಿದ್ದರೆ ಐದು ಕಿಲೋ ಇಳಿಸಿ ಅದೇ ರೆಪ್‌ಗಳನ್ನು ಚುರುಕಾಗಿ ಮಾಡಿ. ಒಂದೇ ತೂಕವನ್ನು ಎರಡು ಬಾರಿ ತಪ್ಪಿದ ಮೇಲೆ ಮೂರನೆಯ ಪ್ರಯತ್ನ ಅಭ್ಯಾಸದ ದಿನ ಬೇಡ.

ತೂಕ ಏರುವುದು ನಿಂತುಹೋದರೆ ಬಲ ಕಡಿಮೆಯೋ, ತಂತ್ರದ ದೋಷವೋ ಎಂದು ತಿಳಿಯುವುದು ಹೇಗೆ?

ನಿಮ್ಮದೇ ಅಂಕಿಗಳನ್ನು ಹೋಲಿಸಿ ನೋಡಿ. ಸ್ನ್ಯಾಚ್ ಸಾಮಾನ್ಯವಾಗಿ ಕ್ಲೀನ್ ಅಂಡ್ ಜರ್ಕ್‌ನ ಸುಮಾರು 80 ಶೇಕಡದಷ್ಟಿರುತ್ತದೆ. ಫ್ರಂಟ್ ಸ್ಕ್ವಾಟ್ ಬ್ಯಾಕ್ ಸ್ಕ್ವಾಟ್‌ನ 85 ಶೇಕಡದ ಆಸುಪಾಸಿನಲ್ಲಿರುತ್ತದೆ. ಬ್ಯಾಕ್ ಸ್ಕ್ವಾಟ್ 120 ಕಿಲೋ ಮಾಡಬಲ್ಲವರು ಕ್ಲೀನ್‌ನಲ್ಲಿ 75 ಕಿಲೋ ದಾಟುತ್ತಿಲ್ಲವೆಂದರೆ ಕಾಲಿನ ಬಲ ಕೊರತೆಯಲ್ಲ. ಅವರು ಸ್ಕ್ವಾಟ್‌ನ ಸಮಯವನ್ನು ತೆಗೆದು ಕ್ಲೀನ್‌ಗೆ ಕೊಡಬೇಕು. ಹಿಡಿದ ಕ್ಲೀನ್‌ನಿಂದ ಏಳಲಾಗದೆ ಕೂತುಬಿಡುವವರ ಕಥೆ ಇದಕ್ಕೆ ವಿರುದ್ಧ.

ತಂತ್ರದ ದೋಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ತೋಳುಗಳನ್ನು ಬೇಗ ಮಡಚುವುದು. ಬಾರ್ ಮಂಡಿ ದಾಟಿ ತೊಡೆಯತ್ತ ಬರುತ್ತಿರುವಾಗಲೇ ಮೊಣಕೈ ಬಾಗಿದರೆ ಕಾಲು ಮತ್ತು ಸೊಂಟ ಹುಟ್ಟಿಸಿದ ಬಲ ಬಾರ್‌ಗೆ ಪೂರ್ತಿ ತಲುಪದೆ ಆ ಬಾಗಿನಲ್ಲೇ ಕರಗಿಹೋಗುತ್ತದೆ. ಇನ್ನೊಂದು, ಬಾರ್ ದೇಹದಿಂದ ದೂರ ಸರಿಯುವುದು. ಸರಿಯಾದ ಸ್ನ್ಯಾಚ್‌ನಲ್ಲಿ ಬಾರ್ ಸೊಂಟದ ಮಡಿಕೆಗೆ ತಾಗಿಕೊಂಡೇ ಮೇಲೇರುತ್ತದೆ, ಅಂಗಿಯನ್ನು ಸವರಿದಂತೆ ಭಾಸವಾಗುತ್ತದೆ. ಸೊಂಟದಿಂದ ಅದನ್ನು ಗುದ್ದಿ ಮುಂದಕ್ಕೆ ತಳ್ಳಿದರೆ ಅದು ಕಮಾನಿನಂತೆ ತೇಲಿ ಹೋಗುತ್ತದೆ, ಎತ್ತಿದವರು ಅದರ ಹಿಂದೆ ಹೆಜ್ಜೆ ಹಾಕಿ ಓಡಬೇಕಾಗುತ್ತದೆ. ಸ್ನ್ಯಾಚ್ ಪದೇ ಪದೇ ಮುಂದಕ್ಕೆ ಬೀಳುತ್ತಿದ್ದರೆ ಭುಜವನ್ನು ದೂರುವ ಮೊದಲು ಈ ಸ್ಪರ್ಶದ ಬಿಂದುವನ್ನು ಗಮನಿಸಿ.

ಪರೀಕ್ಷೆಯ ವಾರಗಳಲ್ಲಿ ಅಭ್ಯಾಸ ನಿಲ್ಲಿಸಬೇಕೇ?

ನಿಲ್ಲಿಸಬೇಕಾಗಿಲ್ಲ, ಕುಗ್ಗಿಸಿದರೆ ಸಾಕು. ಗಳಿಸಿದ ಬಲವನ್ನು ಉಳಿಸಿಕೊಳ್ಳುವುದು ಅದನ್ನು ಗಳಿಸುವುದಕ್ಕಿಂತ ಬಹಳ ಸುಲಭ. ಎತ್ತುವ ತೂಕ ಭಾರವಾಗಿಯೇ ಇದ್ದರೆ ಸೆಟ್‌ಗಳ ಸಂಖ್ಯೆ ಮೂರನೆಯ ಒಂದು ಭಾಗಕ್ಕೆ ಇಳಿದರೂ, ವಾರಕ್ಕೆ ಒಂದೆರಡು ಅವಧಿಗಳಷ್ಟೇ ಸಿಕ್ಕರೂ ಕೆಲವು ವಾರ ಬಲ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಪರೀಕ್ಷೆಯ ಸಮಯದಲ್ಲಿ ವಾರಕ್ಕೆ ಎರಡು ಬಾರಿ ನಲವತ್ತು ನಿಮಿಷ ಬಂದು, ಎರಡೂ ಲಿಫ್ಟ್‌ಗಳಲ್ಲಿ 80ರಿಂದ 85 ಶೇಕಡದವರೆಗೆ ಒಂದೊಂದು ರೆಪ್ ಮಾಡಿ, ಎರಡು ಸೆಟ್ ಸ್ಕ್ವಾಟ್ ಮುಗಿಸಿ ಹೊರಡಿ.

ಇದಕ್ಕಿಂತ ಉತ್ತಮ ಮಾರ್ಗವೆಂದರೆ ಶೈಕ್ಷಣಿಕ ವೇಳಾಪಟ್ಟಿಯನ್ನೇ ತರಬೇತಿಯ ಚೌಕಟ್ಟಾಗಿ ಬಳಸುವುದು. ನಾಲ್ಕು ವಾರದ ಸುತ್ತಿನಲ್ಲಿ ಮೊದಲ ವಾರ 70ರಿಂದ 75 ಶೇಕಡ, ಎರಡನೆಯ ವಾರ 75ರಿಂದ 80, ಮೂರನೆಯ ವಾರ 80ರಿಂದ 90, ನಾಲ್ಕನೆಯ ವಾರ ಅರ್ಧದಷ್ಟು ಸೆಟ್‌ಗಳು ಎಂಬ ಕ್ರಮ ವ್ಯಾಪಕವಾಗಿ ಬಳಕೆಯಲ್ಲಿದೆ. ಹೇಗೂ ನಾಲ್ಕನೆಯ ವಾರ ಹಗುರವಾಗಿರಬೇಕು. ಅದನ್ನು ಆಂತರಿಕ ಪರೀಕ್ಷೆಯ ವಾರಕ್ಕೆ ಕೂಡಿಸಿಕೊಂಡರೆ ಓದಿಗೂ ಅಡ್ಡಿಯಿಲ್ಲ, ಅಭ್ಯಾಸ ತಪ್ಪಿತೆಂಬ ಚಡಪಡಿಕೆಯೂ ಇರುವುದಿಲ್ಲ. ಭಾರದ ಸ್ಕ್ವಾಟ್ ಅವಧಿಗಳನ್ನು ದೀರ್ಘ ರಜೆಗಳಿಗೆ ಮೀಸಲಿಡಿ, ಏಕೆಂದರೆ ಅವುಗಳ ಆಯಾಸ ಮರುದಿನವೂ ಬಿಡುವುದಿಲ್ಲ.

ಒಂದು ತಿಂಗಳು ಪೂರ್ತಿ ತಪ್ಪಿಹೋದರೆ?

ಹಳೆಯ ತೂಕಗಳ 60 ಶೇಕಡದಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ಹಿಂದಿನ ಮಟ್ಟಕ್ಕೆ ಬನ್ನಿ. ತಪ್ಪಿದ ಅವಧಿಗಳನ್ನು ಒಂದೇ ವಾರದಲ್ಲಿ ತುಂಬಿಕೊಳ್ಳುವ ಪ್ರಯತ್ನ ಬೇಡ.

ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುತ್ತದೆ, ಆದರೆ ಐದು ದಿನ ಸಿಗುತ್ತದೆ. ಏನು ಮಾಡಬೇಕು?

ಈ ಕ್ರೀಡೆಯ ಮಟ್ಟಿಗೆ ಅದು ಕೊರತೆಯೇ ಅಲ್ಲ. ಒಂದು ದಿನಕ್ಕೆ ಒಂದು ಲಿಫ್ಟ್ ಮತ್ತು ಒಂದು ಬಲದ ವ್ಯಾಯಾಮ ಎಂದು ಇಟ್ಟುಕೊಂಡು, ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಅನ್ನು ದಿನ ಬಿಟ್ಟು ದಿನ ಮಾಡುತ್ತ ಹೋಗಬಹುದು. ಬಟ್ಟೆ ಬದಲಿಸಿ ಜಿಮ್ ತಲುಪುವುದಕ್ಕೇ ಅರ್ಧ ಗಂಟೆ ಬೇಕಾಗುವವರಿಗೆ ಮಾತ್ರ ಮೂರು ದಿನದ ಕ್ರಮವೇ ಲೇಸು.

ಬೆಳಿಗ್ಗೆ ಒಳ್ಳೆಯದೋ, ಸಂಜೆಯೋ?

ಹೆಚ್ಚಿನವರ ದೇಹ ಸಂಜೆ ತುಸು ಬಿಸಿಯಾಗಿ, ಸಡಿಲವಾಗಿ ಇರುವುದರಿಂದ ಆಗ ಲಿಫ್ಟ್‌ಗಳು ಸರಾಗವೆನಿಸುತ್ತವೆ. ಆದರೆ ತಪ್ಪದೆ ನಡೆಯುವ ಹೊತ್ತೇ ಒಳ್ಳೆಯ ಹೊತ್ತು. ಬೆಳಗಿನ ಅಭ್ಯಾಸವಾದರೆ ಎದ್ದ ಕೂಡಲೇ ಬಾರ್ ಹಿಡಿಯದೆ ವಾರ್ಮ್ ಅಪ್‌ಗೆ ಇನ್ನೈದು ನಿಮಿಷ ಹೆಚ್ಚು ಕೊಡಿ. ನಿದ್ರೆಯನ್ನು ಕಡಿತಗೊಳಿಸಿ ಬೆಳಗಿನ ಅಭ್ಯಾಸಕ್ಕೆ ಬರುವುದು ಲಾಭದ ಲೆಕ್ಕವಲ್ಲ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ, ಹದಿನೆಂಟು ದಾಟಿದವರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕೆಂಬುದು ಸಾಮಾನ್ಯ ವೈದ್ಯಕೀಯ ಸಲಹೆ. ಬಲ ಕೂಡುವುದೂ, ಕಲಿತ ಚಲನೆ ಮಿದುಳಿನಲ್ಲಿ ನೆಲೆಗೊಳ್ಳುವುದೂ ಬಹುಮಟ್ಟಿಗೆ ಆ ಹೊತ್ತಿನಲ್ಲೇ. ಮರುದಿನ ಪರೀಕ್ಷೆಯಿದ್ದು, ನಿದ್ರೆ ಮತ್ತು ಅಭ್ಯಾಸಗಳಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಿದ್ರೆಯನ್ನೇ ಆರಿಸಿ.

ಯಾವ ಸಲಕರಣೆಗಳನ್ನು ಕೊಳ್ಳಬೇಕು?

ಮೊದಲು ಶೂ. ವೇಟ್‌ಲಿಫ್ಟಿಂಗ್ ಶೂಗಳ ಹಿಮ್ಮಡಿ ಸುಮಾರು ಎರಡು ಸೆಂಟಿಮೀಟರ್ ಎತ್ತರವಿದ್ದು ಗಟ್ಟಿಯಾಗಿರುತ್ತದೆ. ಕಣಕಾಲು ಹೆಚ್ಚು ಬಾಗದವರಿಗೂ ಬೆನ್ನು ನೇರವಾಗಿಟ್ಟು ಆಳವಾಗಿ ಕೂರಲು ಇದರಿಂದ ಸಾಧ್ಯವಾಗುತ್ತದೆ. ಮೆತ್ತನೆಯ ಅಡಿಯ ಓಟದ ಶೂ ಮಾತ್ರ ಬೇಡವೇ ಬೇಡ. ಬೆಲ್ಟ್, ಮಂಡಿಪಟ್ಟಿ, ಮಣಿಕಟ್ಟಿನ ಪಟ್ಟಿಗಳು ಮೊದಲ ವರ್ಷ ಇಲ್ಲದಿದ್ದರೂ ನಡೆಯುತ್ತದೆ.

ಬಾರ್ ಮತ್ತು ಪ್ಲೇಟ್‌ಗಳು ಜಿಮ್‌ನವೇ ಆಗಿದ್ದರೂ ಅವುಗಳ ಬಗ್ಗೆ ತಿಳಿದಿರಬೇಕು. ಪುರುಷರ ಬಾರ್ 20 ಕಿಲೋ ತೂಗುತ್ತದೆ, ಅದರ ಹಿಡಿಯ ವ್ಯಾಸ 28 ಮಿಲಿಮೀಟರ್. ಮಹಿಳೆಯರ ಬಾರ್ 15 ಕಿಲೋ, 25 ಮಿಲಿಮೀಟರ್. ಪ್ಲೇಟ್ ಹಾಕುವ ತುದಿಯ ಕೊಳವೆಗಳು ಸಲೀಸಾಗಿ ತಿರುಗದ ಬಾರ್‌ನಲ್ಲಿ ಕ್ಲೀನ್ ಮಾಡಿದರೆ ಮಣಿಕಟ್ಟಿಗೆ ಪೆಟ್ಟು. ಕಬ್ಬಿಣದ ಪ್ಲೇಟ್‌ಗಳಷ್ಟೇ ಇರುವ, ಬಾರನ್ನು ಕೆಳಗೆ ಬಿಡಲು ಅವಕಾಶವಿಲ್ಲದ ಜಿಮ್‌ನಲ್ಲಿ ಪೂರ್ಣ ಸ್ನ್ಯಾಚ್ ಬೇಡ. ತಪ್ಪಿದ ಬಾರನ್ನು ನಿಶ್ಚಿಂತೆಯಿಂದ ಬಿಟ್ಟು ಹಿಂದೆ ಸರಿಯಲು ಸಾಧ್ಯವಿರುವುದೇ ಈ ಕ್ರೀಡೆಯ ಸುರಕ್ಷತೆಯ ಬುನಾದಿ. ಅಂಥ ಕಡೆ ಸ್ಕ್ವಾಟ್, ಪುಲ್ ಮತ್ತು ಹಗುರವಾದ ಪವರ್ ರೂಪಗಳನ್ನಷ್ಟೇ ಮಾಡಿ, ವಾರಕ್ಕೊಮ್ಮೆಯಾದರೂ ಸರಿಯಾದ ವೇದಿಕೆ ಇರುವಲ್ಲಿಗೆ ಹೋಗುವುದು ಮೇಲು.

ಭಾರ ಎತ್ತಿದರೆ ಎತ್ತರ ಕುಂಠಿತವಾಗುತ್ತದೆಯೇ?

ಇಲ್ಲ. ಜಾಣ ಮೇಲ್ವಿಚಾರಣೆಯಲ್ಲಿ, ಹಂತಹಂತವಾಗಿ ನಡೆಯುವ ಬಲದ ತರಬೇತಿ ಮೂಳೆಯ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಕ್ಕಳ ವೈದ್ಯರ ಸಂಘಟನೆಗಳೂ ಅಂಥ ತರಬೇತಿಯನ್ನು ಒಪ್ಪುತ್ತವೆ. ಗೆಲ್ಲುವವರಲ್ಲಿ ಗಿಡ್ಡ ಮೈಕಟ್ಟಿನವರು ಹೆಚ್ಚಾಗಿ ಕಾಣುವುದಕ್ಕೆ ಕಾರಣ, ದೇಹತೂಕದ ವಿಭಾಗಗಳಿರುವ ಈ ಕ್ರೀಡೆಯಲ್ಲಿ ಚಿಕ್ಕ ಕೈಕಾಲುಗಳು ಅನುಕೂಲಕರ ಎಂಬುದು.

ಊಟ ಮತ್ತು ಪೂರಕಗಳ ವಿಷಯದಲ್ಲಿ ಏನು ಮಾಡಬೇಕು?

ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.4ರಿಂದ 2 ಗ್ರಾಂ ಪ್ರೋಟೀನ್ ಸಿಗುವಂತೆ ನೋಡಿಕೊಂಡು, ಅದನ್ನು ಮೂರು ನಾಲ್ಕು ಊಟಗಳಲ್ಲಿ ಹಂಚಿಕೊಂಡರೆ ಬಹುಪಾಲು ಕೆಲಸ ಮುಗಿಯಿತು. ಹೊಟ್ಟೆ ತುಂಬ ಊಟ ಮಾಡಿದವರು ಎರಡು ಗಂಟೆ ಕಳೆದು ಬಾರ್ ಹಿಡಿಯಲಿ; ತರಗತಿಯಿಂದ ನೇರವಾಗಿ ಬರುವವರು ಒಂದು ಹಣ್ಣು ತಿಂದರೆ ಸಾಕು. ಪೂರಕಗಳಲ್ಲಿ ಗಟ್ಟಿ ಆಧಾರವಿರುವುದು ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್‌ಗೆ. ಹದಿನೆಂಟು ತುಂಬದವರು ವೈದ್ಯರನ್ನು ಕೇಳದೆ ಅದನ್ನೂ ತೆಗೆದುಕೊಳ್ಳಬಾರದು. ಲೇಬಲ್ ಮೇಲಿಲ್ಲದ ನಿಷೇಧಿತ ವಸ್ತುಗಳು ಪೂರಕಗಳಲ್ಲಿ ಬೆರೆತಿದ್ದ ಪ್ರಕರಣಗಳಿವೆ, ಮತ್ತು ಉದ್ದೀಪನ ಮದ್ದಿನ ನಿಯಮದಲ್ಲಿ ತನ್ನ ದೇಹದೊಳಗೆ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. ಸ್ಪರ್ಧಿಸುವ ಆಸೆಯಿರುವವರು ಇದನ್ನು ಹಗುರವಾಗಿ ಪರಿಗಣಿಸಬಾರದು.

ತರಬೇತುದಾರರಿಲ್ಲದೆ ಕಲಿಯಬಹುದೇ?

ಕಷ್ಟ, ಆದರೆ ಪೂರ್ತಿ ಅಸಾಧ್ಯವಲ್ಲ. ಆರಂಭದ ಕೆಲವು ವಾರಗಳಾದರೂ ಅನುಭವಿಗಳ ಕಣ್ಣೆದುರು ಎತ್ತಬೇಕು, ವಿಶೇಷವಾಗಿ ತಪ್ಪಿದ ಬಾರನ್ನು ಬಿಡುವ ಕ್ರಮವನ್ನು ಅವರಿಂದಲೇ ಕಲಿಯಬೇಕು. ಆಮೇಲೆ ಮೊಬೈಲ್‌ನಿಂದ ವಿಡಿಯೋ ಮಾಡಿಕೊಳ್ಳಿ: ಕ್ಯಾಮೆರಾ ಪಕ್ಕದಲ್ಲಿ, ಸೊಂಟದ ಎತ್ತರದಲ್ಲಿ, ಪ್ಲೇಟ್‌ನ ಚಲನೆ ಪೂರ್ತಿ ಕಾಣುವಷ್ಟು ದೂರದಲ್ಲಿರಲಿ. ಅವಧಿಗೆ ಎರಡು ಮೂರು ಸೆಟ್‌ಗಳನ್ನಷ್ಟೇ ಚಿತ್ರೀಕರಿಸಿ, ಒಂದೇ ಒಂದು ದೋಷವನ್ನು ಆರಿಸಿ ತಿದ್ದಿಕೊಳ್ಳಿ. ಪ್ರತಿ ರೆಪ್‌ನಲ್ಲೂ ಐದು ತಪ್ಪು ಹುಡುಕುವವರು ಒಂದನ್ನೂ ತಿದ್ದಿಕೊಳ್ಳುವುದಿಲ್ಲ.

ನೋವು ಕಾಣಿಸಿಕೊಂಡರೆ?

ಸ್ನಾಯುಗಳ ಬಿಗಿತ ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು, ಊತ, ಕೈಕಾಲಿಗೆ ಹರಿಯುವ ಜುಮ್ಮೆನ್ನುವ ಸಂವೇದನೆ ಬೇರೆಯೇ ಸಂಗತಿ. ಆಗ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಮೊದಲ ಸ್ಪರ್ಧೆಗೆ ಯಾವಾಗ ಇಳಿಯಬಹುದು?

ಎರಡೂ ಲಿಫ್ಟ್‌ಗಳನ್ನು ನಿಯಮಬದ್ಧವಾಗಿ ಮಾಡಲು ಬಂದ ಕೂಡಲೇ ಇಳಿಯಬಹುದು, ತೂಕ ಎಷ್ಟೇ ಇರಲಿ. ಪ್ರತಿ ಲಿಫ್ಟ್‌ಗೆ ಮೂರು ಪ್ರಯತ್ನಗಳು; ಹೆಸರು ಕರೆದ ಮೇಲೆ ಒಂದು ನಿಮಿಷ, ತಮ್ಮದೇ ಪ್ರಯತ್ನದ ಬೆನ್ನಿಗೇ ಮತ್ತೆ ಎತ್ತಬೇಕಾದರೆ ಎರಡು ನಿಮಿಷ ಸಿಗುತ್ತದೆ. ಮೂವರು ತೀರ್ಪುಗಾರರಲ್ಲಿ ಇಬ್ಬರು ಬಿಳಿ ದೀಪ ಕೊಟ್ಟರೆ ಲಿಫ್ಟ್ ಮಾನ್ಯ. ಮೊಣಕೈಯನ್ನು ಕೊನೆಗೆ ತಳ್ಳಿ ನೇರ ಮಾಡುವುದು, ಕ್ಲೀನ್‌ನಲ್ಲಿ ಮೊಣಕೈ ತೊಡೆಗೆ ತಗಲುವುದು, ತೀರ್ಪುಗಾರರ ಸೂಚನೆಗೆ ಮೊದಲೇ ಬಾರ್ ಬಿಡುವುದು ಹೊಸಬರು ಸಾಮಾನ್ಯವಾಗಿ ಕೆಂಪು ದೀಪ ಪಡೆಯುವ ಕಾರಣಗಳು. ಮೂರನೆಯ ದಿನದ ಅಭ್ಯಾಸವನ್ನು ಸ್ಪರ್ಧೆಯಂತೆ ನಡೆಸಿ ಎಂದದ್ದು ಇದಕ್ಕಾಗಿಯೇ.

ಮೊದಲ ಪ್ರಯತ್ನಕ್ಕೆ, ಕೆಟ್ಟ ದಿನದಲ್ಲೂ ಎರಡು ರೆಪ್ ಮಾಡಬಲ್ಲ ತೂಕವನ್ನು ಘೋಷಿಸಿ. ಅದು ಸಾಮಾನ್ಯವಾಗಿ ಗರಿಷ್ಠದ 90 ಶೇಕಡದ ಆಸುಪಾಸಿನಲ್ಲಿರುತ್ತದೆ. ದೇಹತೂಕ ಇಳಿಸಿ ಕೆಳಗಿನ ವಿಭಾಗಕ್ಕೆ ಹೋಗುವ ಯೋಚನೆ ಮೊದಲ ಕೆಲವು ಸ್ಪರ್ಧೆಗಳಲ್ಲಿ ಬೇಡ, ಅದರಲ್ಲೂ ಸ್ಪರ್ಧೆಯ ಮರುವಾರವೇ ಪರೀಕ್ಷೆಯಿದ್ದರೆ ಬೇಡವೇ ಬೇಡ.